ಚಮಚದ ಲೆಕ್ಕ

ಹುಡುಗಿ ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗುತ್ತಿದ್ದಳು. ಸೊಂಟವನ್ನು ಗೋಡೆಗೆ ಒತ್ತಿ, ಎರಡು ಕಾಲೂ ನೆಟ್ಟಗೆ ಮೇಲಕ್ಕೆ. ಮೂಗಿಗೆ ಕ್ಲಿಪ್ಪು, ಬಾಯಿ ಭದ್ರ. ಒಲೆಯ ಮುಂದೆ ನಿಂತ ಅತ್ತೆ ಬಲಗೈಯಿಂದ ಪಾತ್ರೆಯಲ್ಲಿದ್ದದ್ದನ್ನು ತಿರುವುತ್ತ, ಎಡಗೈಯಲ್ಲೊಂದು ಸ್ಟೀಲಿನ ಚಮಚ ಹಿಡಿದು ಸಿಂಕಿನ ಅಂಚಿಗೆ ಬಡಿಯುತ್ತಿದ್ದಳು. ಟಕ್, ಟಕ್, ಟಕ್. ಸೆಕೆಂಡಿಗೊಂದು ಏಟು. ಎಂಟು ಏಟಿಗೆ ಒಂದು ಎಂಟು. ನೀರಿನೊಳಗೆ ಕುಣಿಯುವವರ ಲೆಕ್ಕವೆಲ್ಲ ಎಂಟರಲ್ಲೇ ನಡೆಯುತ್ತದೆ. ಹುಡುಗಿ ಉಸಿರು ಕಟ್ಟಿ, ಕಾಲು ಮಡಿಸಿ, ಬಿಚ್ಚಿ, ತಿರುಗಿಸಿ, ಏಳು ಎಂಟು ಮುಗಿಯುವವರೆಗೆ ಬಾಯಿ ತೆರೆಯುವ ಹಾಗಿರಲಿಲ್ಲ. ಏಳು ಎಂಟು ಎಂದರೆ ಐವತ್ತಾರು ಸೆಕೆಂಡು.

ಮೂರು ಏಟು ಒಟ್ಟೊಟ್ಟಿಗೆ ಬಿದ್ದರೆ ಮಾತ್ರ ಎಲ್ಲಿದ್ದರೂ ಬಿಟ್ಟು ಏಳಬೇಕು. ಬಾಗಿಲಿಗೆ ಯಾರೋ ಬಂದಿದ್ದಾರೆ, ಅತ್ತೆಗೆ ಕೈ ಬಿಡುವಿಲ್ಲ, ಹೋಗಿ ತೆಗಿ ಎಂದು ಅದರ ಅರ್ಥ.

ಕೊನೆಕೊನೆಗೆ ಆ ಐವತ್ತಾರು ಐವತ್ತಾರಾಗಿ ಉಳಿದಿರಲಿಲ್ಲ. ಈ ಸಂಗತಿ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳೇ ಚಮಚ ಹಿಡಿದವಳು.

ಅವಳು ತಮ್ಮನ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿದ ಮೇಲೆ ‘ನಾಲ್ಕು ದಿನ ಇದ್ದು ಹೋಗ್ತೀನಿ’ ಎಂದು ಸೂಟ್‌ಕೇಸ್ ಹಿಡಿದು ಬಂದಿದ್ದಳು. ನಾಲ್ಕನೇ ದಿನ ತಮ್ಮನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಐದನೇ ದಿನ ಮನೆಯಲ್ಲಿ ಒಂದು ಕೂಸಿತ್ತು, ಎರಡು ಬಕೆಟ್ ಬಟ್ಟೆಯಿತ್ತು, ಸೂಟ್‌ಕೇಸು ಕಪಾಟಿನ ತಲೆ ಮೇಲೆ ಸೇರಿತ್ತು. ಯಾರೂ ಇರು ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಬಟ್ಟೆ ಒಗೆದು ಮುಗಿಯಲಿ ಎಂದುಕೊಂಡಳು. ಅದು ಮುಗಿಯುವಂಥದಲ್ಲ.

ತಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಒಳ್ಳೆಯವಳು, ಯಾವಾಗಲೂ ದಣಿದವಳು. ಮನೆಗೆ ಬಂದವರು “ನಿಮ್ಮಕ್ಕ ಏನು ಮಾಡ್ತಾರೆ?” ಎಂದರೆ ತಮ್ಮ “ಏನೂ ಇಲ್ಲ, ಮನೇಲೇ ಇರ್ತಾಳೆ” ಅನ್ನುತ್ತಿದ್ದ. ಅವನು ಹಾಗೆ ಹೇಳುವಾಗ ಅವಳು ಬಂದವರಿಗೆ ಚಹಾ ಸೋಸುತ್ತಿದ್ದಳು. ಅಷ್ಟೇ ಅಲ್ಲ, ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಊರಿನ ಈಜುಕೊಳದಲ್ಲಿ ಕೆಲಸ ಮುಗಿಸಿಯೇ ಬಂದಿರುತ್ತಿದ್ದಳು. ಬಟ್ಟೆ ಬದಲಾಯಿಸುವ ಕೋಣೆ ಒರೆಸುವುದು, ಜಾಲರಿಗೆ ಸಿಕ್ಕ ಕೂದಲು ತೆಗೆಯುವುದು, ಟವೆಲು ಒಗೆಯುವುದು, ಒಣಗಿಸುವುದು, ಮಡಿಸುವುದು. ಅಲ್ಲಿ ಅವಳಿಗೆ ಟವೆಲಮ್ಮ ಎಂದೇ ಹೆಸರು.

ಹುಡುಗಿಯನ್ನು ನೀರಿನ ಹತ್ತಿರ ಕೈಹಿಡಿದು ತಂದವಳೂ ಅವಳೇ. ಕೂಸಿಗೆ ನಾಲ್ಕು ವರ್ಷವಾದಾಗ ನೋಡಿಕೊಳ್ಳುವವರಿಲ್ಲ ಎಂದು ಜೊತೆಗೆ ಕರೆದೊಯ್ದು ಟವೆಲಿನ ರಾಶಿಯ ಪಕ್ಕ ಕೂರಿಸಿದ್ದಳು. ಕೂಸು ಅಲ್ಲಿ ಕೂರಲಿಲ್ಲ. ಕೊಳದ ಅಂಚಿನಲ್ಲಿ ಕಾಲಗಲಿಸಿ ಕುಕ್ಕರುಗಾಲಲ್ಲಿ ಕೂತು ಒಳಗೆ ಕಾಲಾಡಿಸುವ ಹುಡುಗಿಯರನ್ನೇ ನೋಡುತ್ತಿತ್ತು. “ಟವೆಲಮ್ಮ, ಯಾರದು ಈ ಕಪ್ಪೆ? ನೀರಿಗೆ ಬಿಡಿ ಅದನ್ನ” ಎಂದು ಕೋಚ್ ಮೇಡಂ ನಕ್ಕಿದ್ದರು. ಅಂದಿನಿಂದ ಅವಳು ಅತ್ತೆಯ ಬಾಯಲ್ಲಿ ಕಪ್ಪೆ.

ಅತ್ತೆಗೆ ಮಾತ್ರ ಈಜು ಬರುತ್ತಿರಲಿಲ್ಲ. ಇಷ್ಟು ವರ್ಷ ನೀರಿನ ಅಂಚು ಒರೆಸಿದರೂ ಅವಳ ಮೊಣಕಾಲಿನಿಂದ ಮೇಲೆ ನೀರು ಏರಿರಲಿಲ್ಲ. ನೀರಿನೊಳಗಿನ ಕುಣಿತ ಅವಳಿಗೆ ಗೊತ್ತಿದ್ದದ್ದು ಕೆಲಸದ ಕಡೆಯಿಂದ. ಈಜುಡುಗೆಗೆ ಮಿನುಗು ಬಿಲ್ಲೆ ಹೊಲಿಯುವುದು ಗೊತ್ತಿತ್ತು. ಕೂದಲು ಕದಲದಂತೆ ಜೆಲಾಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬ್ರಷ್ಷಿನಿಂದ ಬಳಿಯುವುದು ಗೊತ್ತಿತ್ತು. ಮೇಲೆ ಮುಖ ನಗುತ್ತಿದ್ದರೂ ಕೆಳಗೆ ಕೈ ಎಷ್ಟು ಗೇಯುತ್ತದೆ ಎಂಬುದೂ ಗೊತ್ತಿತ್ತು. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಗಡಿಯಾರ ಬೇಡವೆಂದವರು ಕೋಚ್ ಮೇಡಂ. “ಗಡಿಯಾರ ಇಟ್ರೆ ಕಣ್ಣು ಅಲ್ಲೇ ಹೋಗುತ್ತೆ, ಕುತ್ತಿಗೆ ತಿರುಗುತ್ತೆ. ನೀರಲ್ಲಿ ಇರೋದು ಕಿವಿ ಒಂದೇ. ಯಾರಾದ್ರೂ ಬಡೀಲಿ, ಇವಳು ಕೇಳಲಿ.” ಕೊಳದಲ್ಲಿ ಅವರು ಏಣಿಯ ಕಂಬಿಗೆ ಕಬ್ಬಿಣದ ಸಲಾಕೆಯಿಂದ ಬಡಿಯುತ್ತಿದ್ದರು. ಮನೆಯಲ್ಲಿ ‘ಯಾರಾದರೂ’ ಎಂದರೆ ಅತ್ತೆ. ಒಲೆಯ ಮುಂದೆ ನಿಂತೇ ಇರುತ್ತಾಳೆ, ಒಂದು ಕೈ ಬಿಡುವಾಗಿರುತ್ತದೆ ಎಂದು ಮನೆಯವರ ಲೆಕ್ಕ.

ಮೊದಮೊದಲು ಏಟು ಸರಿಯಾಗಿಯೇ ಬೀಳುತ್ತಿತ್ತು. ಒಂದು ಸಂಜೆ ನಾಲ್ಕನೇ ಎಂಟು ನಡೆಯುತ್ತಿದ್ದಾಗ ಒಲೆಯ ಮೇಲಿನ ಹಾಲು ಏರತೊಡಗಿತು. ಹೊರಕೋಣೆಯಿಂದ ತಮ್ಮ, “ಅಕ್ಕಾ, ಹಾಲು ವಾಸನೆ ಬರ್ತಿದೆ” ಎಂದು ಕೂತಲ್ಲಿಂದಲೇ ಕೂಗಿದ. ಅವಳು ಏಟನ್ನು ಚುರುಕು ಮಾಡಿದಳು. ಟಕ್‌ಟಕ್ ಟಕ್‌ಟಕ್ ಎಂದು ಉಳಿದದ್ದನ್ನು ಓಡಿಸಿ, ಸಿಂಕಿನ ಆ ತುದಿಯಿಂದ ಹಾರಿಹೋಗಿ ಒಲೆ ಆರಿಸಿದಳು. ತಿರುಗಿ ನೋಡಿದರೆ ಹುಡುಗಿ ಎದ್ದು ಕೂತು ನಗುತ್ತಿದ್ದಳು.

“ಅತ್ತೆ, ಇವತ್ತು ಆರು ಎಂಟು ಹಿಡಿದೆ! ಏನೂ ಅನ್ನಿಸ್ಲೇ ಇಲ್ಲ!”

ತಿಂಗಳುಗಟ್ಟಲೆ ಐದನೇ ಎಂಟಿಗೇ ಕೆಮ್ಮಿ ಏಳುತ್ತಿದ್ದವಳು. ಆ ಮುಖ ನೋಡಿ ಅತ್ತೆ “ಶಾಬಾಸ್ ಕಪ್ಪೆ” ಅಂದಳು. ಮರುದಿನ ಹಾಲಿರಲಿಲ್ಲ, ಆದರೂ ಮೂರರ ಆಚೆಯ ಎಂಟುಗಳು ತಾವಾಗಿಯೇ ಓಡಿದವು. ಹುಡುಗಿಯ ಕುತ್ತಿಗೆಯ ನರ ಉಬ್ಬುವುದನ್ನು ನೋಡುತ್ತ ನಿಧಾನಕ್ಕೆ ಬಡಿಯಲು ಅವಳ ಕೈ ಬರುತ್ತಿರಲಿಲ್ಲ. ಬೇಗ ಮುಗಿಸಿದರೆ ಮಗು ಬೇಗ ಉಸಿರಾಡುತ್ತದಲ್ಲ, ಅಷ್ಟೇ. ಇದರಲ್ಲಿ ಯಾರಿಗೇನು ನಷ್ಟ? ಕೆಲವೇ ವಾರಗಳಲ್ಲಿ ಆರು ಏಳಾಯಿತು.

ಹಲವು ದೇಶಗಳವರು ಸೇರುವ ದೊಡ್ಡ ಕ್ರೀಡಾಕೂಟಕ್ಕೆ ಹುಡುಗಿ ಆಯ್ಕೆಯಾದಳು. ಸೋಲೋ ವಿಭಾಗ, ಇಡೀ ಕೊಳದಲ್ಲಿ ಒಬ್ಬಳೇ. ಆ ವಾರ ಕೋಚ್ ಮೇಡಂ ಟವೆಲು ಮಡಿಸುವ ಕೋಣೆಯ ಬಾಗಿಲಿಗೆ ಬಂದು ನಿಂತರು. ಹದಿನೆಂಟು ವರ್ಷದಲ್ಲಿ ಅವರು ಆ ಬಾಗಿಲಿಗೆ ಬಂದದ್ದು ಟವೆಲು ಕೇಳಲು ಮಾತ್ರ.

“ಟವೆಲಮ್ಮ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಮನೇಲಿ ನೀವೇ ತಾನೇ ಬಡಿಯೋದು? ಎಷ್ಟು ಹಿಡೀತಾಳೆ ನಿಜವಾಗಿ?”

‘ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು.’ ಅತ್ತೆಗೆ ಕೈಯಲ್ಲಿದ್ದ ಟವೆಲನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಎದೆ ಹಿಗ್ಗಿಹೋಯಿತು. “ಏಳು ಎಂಟು ಮೇಡಂ. ಆರಾಮಾಗಿ” ಎಂದಳು.

“ಏಳಾ? ಇಲ್ಲಿ ಐದಕ್ಕೇ ಒದ್ದಾಡ್ತಾಳೆ.”

“ಮನೇಲಿ ಏಳು.”

ಆ ‘ಆರಾಮಾಗಿ’ ಎಂಬ ಒಂದು ಪದವನ್ನು ಆಮೇಲೆ ಅವಳು ಎಷ್ಟು ಸಲ ನುಂಗಿಕೊಳ್ಳಲು ನೋಡಿದಳೋ.

ಕುಣಿತದ ಕೊನೆಯ ಭಾಗ ಐದು ಎಂಟಿನಿಂದ ಏಳಕ್ಕೆ ಬೆಳೆಯಿತು. ತಲೆ ಕೆಳಗೆ, ಕಾಲೆರಡೂ ಮೇಲೆ, ನಡುವೆ ಒಮ್ಮೆಯೂ ಉಸಿರಿಲ್ಲ. ಏನೇನು ಮಾಡುತ್ತೇವೆಂದು ಮುಂಚೆಯೇ ಕಾರ್ಡಿನಲ್ಲಿ ಬರೆದು ತೀರ್ಪುಗಾರರಿಗೆ ಕೊಡಬೇಕು. ಬರೆದದ್ದನ್ನು ಮಾಡದಿದ್ದರೆ ಆ ಭಾಗಕ್ಕೆ ಹೆಸರಿಗಷ್ಟೇ ಅಂಕ. ಕೊಳದಲ್ಲಿ ಇವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಮುಕ್ಕಾಲು ಗಂಟೆ, ಅದರಲ್ಲೂ ತುಂಡು ತುಂಡಾಗಿ ಅಭ್ಯಾಸ. ಇಡೀ ಕುಣಿತವನ್ನು ಹಾಡಿನ ಜೊತೆ ಮಾಡಿಸಿದ್ದು ಕೊನೆಯ ಎರಡು ವಾರ. ಹುಡುಗಿ ಮೇಲೆ ಬಂದಾಗ ತುಟಿ ಸೀಸದ ಬಣ್ಣಕ್ಕೆ ತಿರುಗಿರುತ್ತಿತ್ತು. ಏಣಿ ಹಿಡಿಯಲು ಹೋದ ಕೈ ಏಣಿಯ ಪಕ್ಕದ ಗಾಳಿಯನ್ನು ಹಿಡಿಯುತ್ತಿತ್ತು.

“ಮನೇಲಿ ಏಳು ಹಿಡೀತೀಯ, ಇಲ್ಲೇನು ರೋಗ? ಎಲ್ಲಾ ತಲೇಲಿ ಇರೋದು, ಎದೇಲಿ ಅಲ್ಲ. ಭಯ ಬಿಡು” ಎನ್ನುತ್ತಿದ್ದರು ಕೋಚ್ ಮೇಡಂ.

ಹುಡುಗಿ ನಂಬಿದಳು. ನಂಬದೆ ಏನು? ಅಡುಗೆಮನೆಯ ನೆಲದಲ್ಲಿ ದಿನವೂ ಏಳು ಹಿಡಿಯುತ್ತಿದ್ದಳಲ್ಲ. ಹಾಗಾಗಿ ನೀರಿನೊಳಗೆ ಮೈ ‘ಸಾಕು’ ಎಂದು ಕೂಗಿದರೆ, ಸುಳ್ಳು ಹೇಳುತ್ತಿದೆ ಎಂದು ತನ್ನ ಮೈಗೇ ಗದರತೊಡಗಿದಳು.

ಒಂದು ಬೆಳಿಗ್ಗೆ ಅತ್ತೆ ಮನೆಯ ಚಮಚವನ್ನು ಕೊಳಕ್ಕೆ ಒಯ್ದಳು. ಟವೆಲು ಒಣಗಿಸುವ ಯಂತ್ರದ ಮುಂದೆ ನಿಂತು, ಅದರ ಮೇಲೆ ಓಡುವ ಸೆಕೆಂಡುಗಳನ್ನು ನೋಡುತ್ತ, ಮನೆಯಲ್ಲಿ ಬಡಿಯುವ ಹಾಗೆಯೇ ಚಮಚದಿಂದ ಐವತ್ತಾರು ಏಟು ಬಡಿದಳು. ಯಂತ್ರದಲ್ಲಿ ಕಳೆದದ್ದು ನಲವತ್ತನಾಲ್ಕು ಸೆಕೆಂಡು. ಮತ್ತೆ ಬಡಿದಳು. ಮತ್ತೆ ನಲವತ್ತನಾಲ್ಕು. ಅವಳ ಕೈ ತಪ್ಪುವ ಕೈಯಲ್ಲ. ಸುಳ್ಳನ್ನೂ ಒಂದೇ ಅಳತೆಗೆ ಹೇಳುತ್ತಿತ್ತು.

ಅಂದು ಸಂಜೆ ಸರಿಯಾಗಿ ಬಡಿದಳು. ಐದೂವರೆ ಎಂಟಿಗೆ ಹುಡುಗಿ ಕ್ಲಿಪ್ಪು ಕಿತ್ತೆಸೆದು, ಮಗುಚಿ, ಕೆಮ್ಮತೊಡಗಿದಳು. ಆಮೇಲೆ ಮೊಣಕಾಲಿಗೆ ಮುಖ ಹಚ್ಚಿ ಅತ್ತಳು. “ನಂಗೇನೋ ಆಗಿದೆ ಅತ್ತೆ. ಇನ್ನು ಹನ್ನೆರಡು ದಿನ ಇದೆ, ನನ್ನ ಉಸಿರು ಕಮ್ಮಿ ಆಗ್ತಿದೆ. ಇದೊಂದು ಜಾಗದಲ್ಲಿ ಆಗ್ತಿತ್ತು, ಇಲ್ಲೂ ಹೋಯ್ತು.”

ಹೇಳಲು ಅದೇ ಹೊತ್ತು. ಅತ್ತೆ ಬಾಯಿ ತೆರೆದಳು. “ಊಟ ಸರಿಯಾಗಿ ಮಾಡಿಲ್ಲ ನೀನು” ಅಂದಳು. ಮರುದಿನ ಚಮಚ ಹಳೆಯ ಓಟಕ್ಕೇ ಮರಳಿತು. ಹುಡುಗಿ ಏಳು ಎಂಟು ಹಿಡಿದು, ಕಣ್ಣೊರೆಸಿಕೊಂಡು, ಅತ್ತೆಯ ಸೊಂಟ ತಬ್ಬಿಕೊಂಡಳು. ಆ ಅಪ್ಪುಗೆಯೊಳಗೆ ಅತ್ತೆ ಕಲ್ಲಿನ ಹಾಗೆ ನಿಂತಿದ್ದಳು.

ಕೂಟಕ್ಕೆ ಸಹಾಯಕಿಯಾಗಿ ಅವಳೇ ಹೊರಟಳು. ಕೂದಲು ಕೂರಿಸುವುದಕ್ಕೆ ಅವಳಷ್ಟು ಪಳಗಿದ ಕೈ ಬೇರೆ ಇರಲಿಲ್ಲ. ಮೊದಲ ಸಲ ಕತ್ತಿನಲ್ಲಿ ಫೋಟೋ ಇರುವ ಕಾರ್ಡು ತೂಗಿತು. “ಅಕ್ಕ ಈಗ ದೊಡ್ಡ ಮನುಷ್ಯೆ. ನಾವು ಹೋಟೆಲ್ ಊಟಾನೇ ಗತಿ” ಎಂದು ತಮ್ಮ ನಕ್ಕ. ಅವಳು ಹದಿನಾಲ್ಕು ದಿನಕ್ಕಾಗುವಷ್ಟು ಅಡುಗೆ ಮಾಡಿ, ಡಬ್ಬಿಗಳ ಮೇಲೆ ವಾರ ಬರೆದು ಫ್ರಿಜ್ಜಿಗೆ ತುಂಬಿಸಿಯೇ ಹೊರಟಿದ್ದಳು.

ಅಲ್ಲಿನ ಕೊಳ ಆಳವಾಗಿತ್ತು. ತಳದ ಬಿಳಿ ಹಾಸು ಕಾಣುತ್ತಿತ್ತು, ಆದರೆ ಹತ್ತಿರ ಅನ್ನಿಸುತ್ತಿರಲಿಲ್ಲ. ಸ್ಪರ್ಧೆಯ ಹಿಂದಿನ ಮಧ್ಯಾಹ್ನ ಹುಡುಗಿ ಇಡೀ ಕುಣಿತ ಮಾಡಿ ಏಣಿ ಹತ್ತಿ ಬಂದಳು. ಅತ್ತೆ ಟವೆಲು ಹೊದಿಸಿದಳು.

“ಚೆನ್ನಾಗಿ ಮಾಡಿದ್ನಾ ಅತ್ತೆ?”

“ಯಾಕೆ, ನಿಂಗೆ ಗೊತ್ತಾಗ್ಲಿಲ್ವಾ?”

“ಕೊನೇದು ನೆನಪೇ ಇಲ್ಲ.” ಹುಡುಗಿ ನಕ್ಕಳು. “ತಲೆ ಕೆಳಗೆ ಹಾಕಿದ್ದು ನೆನಪಿದೆ. ಆಮೇಲೆ ನಿನ್ನ ಟವೆಲು. ನಡುವೆ ಏನೂ ಇಲ್ಲ, ಯಾರೋ ಕತ್ತರಿಸಿ ತೆಗೆದ ಹಾಗೆ.”

ಹುಡುಗಿ ಬಟ್ಟೆ ಬದಲಾಯಿಸಲು ಹೋದೊಡನೆ ಅತ್ತೆ ಕೋಚ್ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಹಾಲು, ಚಮಚ, ಯಂತ್ರ, ನಲವತ್ತನಾಲ್ಕು.

ಮೇಡಂ ಮೊದಲು ನಕ್ಕರು. ಆಮೇಲೆ ನಗು ಮುಖದಲ್ಲೇ ಒಣಗಿತು. “ಇದನ್ನ ಈಗ ಹೇಳ್ತಿದ್ದೀರಾ?”

“ತಪ್ಪಾಯ್ತು ಮೇಡಂ. ಆ ಎರಡು ಎಂಟು ತೆಗೆದುಬಿಡಿ.”

“ಬೆಳಿಗ್ಗೇನೇ ಕಾರ್ಡು ಹೋಯ್ತು. ತೆಗೆಯೋಕೆ ಅದೇನು ಸೀರೆ ಕುಚ್ಚಾ?” ಆಚೀಚೆ ನೋಡಿ ದನಿ ತಗ್ಗಿಸಿದರು. “ನೋಡಿ, ಹೇಗೋ ಏನೋ, ಕೊಳದಲ್ಲಿ ನಾಲ್ಕು ಸಲ ಮುಗಿಸಿದ್ದಾಳೆ. ನಾಳೆನೂ ಮುಗಿಸ್ತಾಳೆ. ಅವಳನ್ನ ಹಿಡಿದು ನಿಲ್ಲಿಸಿರೋದು ಆ ಏಳು ಅನ್ನೋ ನಂಬಿಕೆ. ಅದನ್ನ ಈಗ ಕಿತ್ಕೊಂಡ್ರೆ ನೀವೇ ಅವಳನ್ನ ಮುಳುಗಿಸಿದ ಹಾಗೆ. ಬಾಯಿ ಮುಚ್ಕೊಂಡು ಕೂದಲು ನೋಡ್ಕೊಳ್ಳಿ.”

ಸಂಜೆ ತಮ್ಮನ ಹೆಂಡತಿಗೆ ಫೋನು ಮಾಡಿ ಅದನ್ನೇ ಹೇಳಿದಳು. ಆ ಕಡೆ ಲ್ಯಾಬಿನ ಯಾವುದೋ ಯಂತ್ರ ಗುಂಯ್‌ಗುಡುತ್ತಿತ್ತು.

“ಅಕ್ಕ,” ಎಂದಳು ತಮ್ಮನ ಹೆಂಡತಿ, “ಇಷ್ಟು ವರ್ಷ ನಾನು ಅವಳನ್ನ ನಿಮ್ಮ ಕೈಗೆ ಕೊಟ್ಟು ಕೆಲಸಕ್ಕೆ ಹೋದೆ. ಕಣ್ಣು ಮುಚ್ಕೊಂಡು ಹೋದೆ.” ಬೈಗುಳ ಅಷ್ಟೇ. ಆಮೇಲೆ, “ಅವಳಿಗೆ ಹೇಳಿ. ನಾನು ಫೋನಲ್ಲಿ ಹೇಳಿದ್ರೆ ನಂಬಲ್ಲ. ನೀವು ಹೇಳಿದ್ದನ್ನ ತಾನೇ ಅವಳು ನಂಬೋದು.”

ಮರುದಿನ ಮಧ್ಯಾಹ್ನ, ಬಟ್ಟೆ ಬದಲಾಯಿಸುವ ಕೋಣೆ. ಉದ್ದದ ಕನ್ನಡಿ, ಅದರ ಸುತ್ತ ಬಿಳಿ ದೀಪ. ಬೇರೆ ದೇಶದ ಹುಡುಗಿಯರು ತಂತಮ್ಮ ಕುರ್ಚಿಗಳಲ್ಲಿ ಕೂತಿದ್ದರು. ಪ್ರತಿಯೊಬ್ಬಳ ಹಿಂದೆಯೂ ಒಬ್ಬ ಹೆಂಗಸು, ಕೈಯಲ್ಲೊಂದು ಬ್ರಷ್ಷು. ಅವರಲ್ಲಿ ಯಾರ ಹೆಸರೂ ಎಲ್ಲೂ ಬರೆದಿರಲಿಲ್ಲ. ಅತ್ತೆ ಬಟ್ಟಲಿನಲ್ಲಿ ಜೆಲಾಟಿನ್ ಕದಡಿದಳು. ಅದೇ ಚಮಚ, ಮನೆಯಿಂದಲೇ ತಂದಿದ್ದಳು.

ಬಿಸಿಬಿಸಿಯಾಗಿ ಬಳಿಯಬೇಕು. ಬಳಿದ ಮೇಲೆ ಗಟ್ಟಿಯಾಗುವ ತನಕ ತಲೆ ಅಲ್ಲಾಡಿಸಬಾರದು. ಎರಡನೇ ಪದರ ಬಳಿಯುತ್ತ, ಹುಡುಗಿ ಎದ್ದು ಹೋಗಲಾರದ ಹೊತ್ತು ನೋಡಿ ಅತ್ತೆ ಹೇಳಿದಳು. ಸುತ್ತಿಬಳಸಲಿಲ್ಲ.

“ಕಪ್ಪೆ, ಮನೇಲಿ ನೀನು ಹಿಡೀತಿದ್ದದ್ದು ಏಳು ಎಂಟಲ್ಲ. ನಾನು ಬೇಗ ಬೇಗ ಬಡೀತಿದ್ದೆ.”

ಕನ್ನಡಿಯಲ್ಲಿ ಹುಡುಗಿಯ ಕಣ್ಣು ಮಾತ್ರ ಕದಲಿತು. “ಎಷ್ಟು?”

“ನಲವತ್ತನಾಲ್ಕು ಸೆಕೆಂಡು.”

“ಯಾವಾಗಿಂದ?”

“ಹಾಲು ಉಕ್ಕೋಕೆ ಬಂದಿತ್ತಲ್ಲ, ಅವತ್ತಿಂದ.”

ಬ್ರಷ್ಷಿನಿಂದ ಒಂದು ಹನಿ ಹುಡುಗಿಯ ಭುಜದ ಮೇಲೆ ಬಿತ್ತು. ಬಿಸಿಯಿತ್ತು. ಅವಳು ಅಲುಗಲಿಲ್ಲ.

“ಮೇಡಂಗೆ ಗೊತ್ತಾ?”

“ಗೊತ್ತು.”

“ಅಮ್ಮಂಗೆ?”

“ಗೊತ್ತು.”

“ನಾನೇ ಕೊನೆಯವಳಾ?” ಹುಡುಗಿಯ ದನಿ ಏರಲಿಲ್ಲ. “ಉಸಿರು ನಂದು. ಲೆಕ್ಕ ಮಾತ್ರ ಎಲ್ಲರದೂ.”

“ಐದಕ್ಕೆ ಎದ್ದುಬಿಡು ಕಂದಾ. ಅಂಕ ಹೋದ್ರೆ ಹೋಗಲಿ.”

“ಹೋಗಲಿ ಅನ್ನೋದು ಸುಲಭ ನಿಮಗೆ.”

ನಿಮಗೆ. ಮಾತು ಕಲಿತ ದಿನದಿಂದ ‘ನೀನು’ ಎಂದು ಕರೆದ ಬಾಯಿ ಅದು. ಅತ್ತೆ ಉಳಿದ ಜೆಲಾಟಿನ್ ಬಳಿದಳು. ಮುಡಿಗೆ ಮಿನುಗುವ ಪಟ್ಟಿ ಚುಚ್ಚಿದಳು. ಕೆಂಪು ಬಣ್ಣದಲ್ಲಿ ತುಟಿ ತಿದ್ದಿದಳು. ನೀರಿನಲ್ಲಿ ಅಳಿಯದ ಬಣ್ಣ; ಒಳಗೆ ತುಟಿ ಯಾವ ಬಣ್ಣಕ್ಕೆ ತಿರುಗಿದರೂ ಹೊರಗೆ ಗೊತ್ತಾಗುವುದಿಲ್ಲ. ಅದನ್ನು ಆ ಕ್ಷಣದವರೆಗೆ ಅವಳು ಯೋಚಿಸಿರಲೇ ಇಲ್ಲ.

“ಮುಗೀತಾ?” ಎಂದಳು ಹುಡುಗಿ.

“ಮುಗೀತು.”

ಅವಳು ಎದ್ದು ಹೋದಳು. ಏನು ನಿಶ್ಚಯಿಸಿದ್ದಾಳೆಂದು ಆ ಬೆನ್ನು ಹೇಳಲಿಲ್ಲ.

ಸಹಾಯಕಿಯರು ಏಣಿಯ ಪಕ್ಕ ಟವೆಲು ಹಿಡಿದು ನಿಲ್ಲಬೇಕು. ಅತ್ತೆ ನಿಂತಳು. ಚಮಚ ಜೇಬಿನಲ್ಲೇ ಉಳಿದಿತ್ತು, ಅದಕ್ಕೆ ಅಂಟಿದ ಜೆಲಾಟಿನ್ ಬಟ್ಟೆಯೊಳಗೆ ತಣ್ಣಗೆ ತಾಗುತ್ತಿತ್ತು. ಹುಡುಗಿ ಕೊಳದಂಚಿಗೆ ಬಂದು, ಕೈ ಚಾಚಿ, ನಕ್ಕಳು. ಹಾಡು ಶುರುವಾಯಿತು. ನೀರು ಸದ್ದಿಲ್ಲದೆ ಅವಳನ್ನು ಒಳಗೆಳೆದುಕೊಂಡಿತು.

ಮೊದಲ ಒಂದೂವರೆ ನಿಮಿಷ ಯಾವ ತೊಂದರೆಯೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹುಡುಗಿ ಎದೆ ತುಂಬ ಉಸಿರೆಳೆದು, ತಲೆ ಕೆಳಗೆ ಮಾಡಿದಳು. ಎರಡು ಕಾಲು ನೀರಿನ ಮೇಲೆದ್ದವು.

ಅತ್ತೆ ಎಣಿಸತೊಡಗಿದಳು. ಟವೆಲು ಒಣಗಿಸುವ ಯಂತ್ರದ ಸೆಕೆಂಡುಗಳನ್ನು ಕಣ್ಣಮುಂದೆ ತಂದುಕೊಂಡು, ಒಂದನ್ನೂ ನುಂಗದೆ, ಒಂದನ್ನೂ ಓಡಿಸದೆ. ಇಷ್ಟು ನಿಧಾನವೇ ಒಂದು ಸೆಕೆಂಡು? ಇದರಲ್ಲಿ ಹನ್ನೆರಡನ್ನು ದಿನವೂ ಕದ್ದು ತಾನು ಏನು ಮಾಡಿದೆ? ಹಾಲಿಳಿಸಿದೆ, ಅಷ್ಟೇ.

ಮೂರು ಎಂಟು. ಕಾಲುಗಳು ಕತ್ತರಿಯ ಹಾಗೆ ತೆರೆದು ಮುಚ್ಚಿದವು. ನಾಲ್ಕು ಎಂಟು. ತಿರುಗಿದವು. ಐದು. ನಲವತ್ತಾಯಿತು, ಎದ್ದೇಳು ಕಪ್ಪೆ, ಈಗ ಎದ್ದೇಳು. ಕಾಲು ಇಳಿಯಲಿಲ್ಲ. ನಲವತ್ತನಾಲ್ಕು. ಅಡುಗೆಮನೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿಂದಾಚೆ ಅವಳನ್ನು ಯಾರೂ ಜೊತೆಯಲ್ಲಿ ಕೊಂಡೊಯ್ದಿರಲಿಲ್ಲ.

ಉಸಿರು ತೀರುವಾಗ ಹುಡುಗಿಯ ಎಡ ಹಿಮ್ಮಡಿ ಒಳಕ್ಕೆ ವಾಲುತ್ತದೆ. ಕೂದಲೆಳೆಯಷ್ಟು. ನೆಲದ ಮೇಲೆ ಸಾವಿರ ಸಲ ನೋಡಿದ್ದು. ನಲವತ್ತಾರಕ್ಕೆ ಹಿಮ್ಮಡಿ ವಾಲಿತು, ಮತ್ತೆ ನೆಟ್ಟಗಾಯಿತು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಏನೋ ಒತ್ತಿದರು. ಕೋಚ್ ಮೇಡಂ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡಿದ್ದರು.

ನಲವತ್ತೊಂಬತ್ತಕ್ಕೆ ವಾಲಿದ ಹಿಮ್ಮಡಿ ನೆಟ್ಟಗಾಗಲಿಲ್ಲ.

ಅತ್ತೆ ಟವೆಲು ಬಿಸುಟು, ಮೊಣಕಾಲೂರಿ, ಏಣಿಯ ಕಂಬಿಗೆ ಚಮಚ ಬಡಿದಳು. ಟಕ್‌ಟಕ್‌ಟಕ್. ಏನೂ ಆಗಲಿಲ್ಲ. ಒಂದು ಪಾದ, ಬೆರಳತುದಿಯ ಬಿಗುವೆಲ್ಲ ಕಳೆದುಕೊಂಡು, ತೊಳೆದಿಟ್ಟ ಬಟ್ಟೆಯ ಹಾಗೆ ನೀರಿಗಿಳಿಯಿತು. ಜನರಿಗೆ ಅದೂ ಕುಣಿತವಾಗಿಯೇ ಕಂಡಿತು. ಟಕ್‌ಟಕ್‌ಟಕ್. ಯಾರೋ ಕಾವಲಿನವನು ಓಡಿಬಂದು ಅವಳ ತೋಳು ಹಿಡಿದ. ಅವಳು ಇನ್ನೊಂದು ಕೈಗೆ ಚಮಚ ದಾಟಿಸಿಕೊಂಡು ಬಡಿದಳು. ಟಕ್‌ಟಕ್‌ಟಕ್.

ಮೊದಲು ಬಂದದ್ದು ಒಂದು ಕೈ. ಕತ್ತಲಲ್ಲಿ ದೀಪದ ಸ್ವಿಚ್ಚು ಹುಡುಕುವವರ ಹಾಗೆ ಅದು ನೀರಿನ ಮೇಲೆ ತಡಕಾಡಿತು. ಆಮೇಲೆ ಮುಖ ಬಂತು. ಬಾಯಿ ಅಗಲಕ್ಕೆ ತೆರೆದಿತ್ತು, ಅದರ ಸುತ್ತ ಕೆಂಪು ಬಣ್ಣ ಹಾಗೇ ನಗುತ್ತಿತ್ತು. ಒಂದು ಕೂದಲೂ ಕದಲಿರಲಿಲ್ಲ. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಅವಳು ಎಳೆದ ಉಸಿರಿನ ಸದ್ದು ಹಾಡಿನ ಮೇಲಿಂದ ಅತ್ತೆಗೆ ಕೇಳಿಸಿತು.

ಹುಡುಗಿ ನೀರಿನ ಮೇಲೆ ಅಂಗಾತ ತೇಲಿದಳು. ಹಾಡು ಅವಳಿಲ್ಲದೆ ತನ್ನ ಪಾಡಿಗೆ ಮುಗಿಯಿತು. ರಕ್ಷಣೆಯವನು ಹಾರಿ ಅವಳನ್ನು ಏಣಿಯ ಬಳಿ ತಂದ. ಅತ್ತೆ ಒದ್ದೆ ನೆಲದಿಂದ ಟವೆಲೆತ್ತಿ ಸುತ್ತಿದಳು. ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು.

“ಬಾಗಿಲಿಗೆ ಯಾರು ಬಂದಿದ್ದು?” ಎಂದು ಕೇಳಿದಳು.

ಅತ್ತೆ ಅವಳ ತಲೆಯನ್ನು ಎದೆಗೊತ್ತಿಕೊಂಡು ಕೂತಳು. ನೀರಿನಲ್ಲಿ ಮೆತ್ತಗಾದ ಜೆಲಾಟಿನ್ ಕತ್ತಿನ ಕಾರ್ಡಿಗೆಲ್ಲ ಅಂಟಿತು.

ಕೊನೆಯ ಸ್ಥಾನ ಬಂತು. ಹೊರಗಿನಿಂದ ಸೂಚನೆ ಕೊಟ್ಟದ್ದಕ್ಕೆ ದಂಡದ ಅಂಕ ಬೇರೆ. ಪೇಪರಿನಲ್ಲಿ ಎರಡು ಸಾಲು ಬಂತು, ಅದರಲ್ಲಿ ಚಮಚವಿರಲಿಲ್ಲ. ವೈದ್ಯರು ಮೂರು ತಿಂಗಳು ನೀರಿಗೆ ಇಳಿಯಬಾರದೆಂದರು. ಊರಿಗೆ ಮರಳಿದ ಮೇಲೆ ಕೋಚ್ ಮೇಡಂ ಟವೆಲು ಕೋಣೆಯ ಬಾಗಿಲಿಗೆ ಮತ್ತೆ ಬರಲಿಲ್ಲ. “ಅಲ್ಲ ಅಕ್ಕ, ಅದೇನು ಅಷ್ಟು ಜನರ ಮುಂದೆ ಚಮಚ ಬಡಿದ್ಯಂತೆ?” ಎಂದು ತಮ್ಮ ಕೇಳಿದ. ಅವನ ಹೆಂಡತಿ, “ನೀವು ಸುಮ್ನೆ ಇರಿ” ಅಂದಳು. ಅವಳು ಹಾಗೆ ಅಂದದ್ದು ಅದೇ ಮೊದಲು. ಫ್ರಿಜ್ಜಿನ ಡಬ್ಬಿಗಳೆಲ್ಲ ಖಾಲಿಯಾಗಿ ಸಿಂಕಿನಲ್ಲಿ ರಾಶಿ ಬಿದ್ದಿದ್ದವು. ಅತ್ತೆ ಅವನ್ನು ತೊಳೆದಳು.

ಹುಡುಗಿ ಬಡಿಸಿದರೆ ಉಣ್ಣುತ್ತಿದ್ದಳು, ‘ಸಾಕು’ ಎಂದಷ್ಟೇ ಅನ್ನುತ್ತಿದ್ದಳು. ಅಡುಗೆಮನೆಯ ನೆಲ ಖಾಲಿ ಇರುತ್ತಿತ್ತು. ಆ ಖಾಲಿ ಜಾಗವನ್ನು ಅತ್ತೆ ಸುತ್ತು ಹಾಕಿಯೇ ದಾಟುತ್ತಿದ್ದಳು.

ಐದನೇ ವಾರದ ಒಂದು ಸಂಜೆ ಹುಡುಗಿ ಒಳಗೆ ಬಂದು, ಗೋಡೆಗೆ ಸೊಂಟ ಒತ್ತಿ ಮಲಗಿದಳು. ಕ್ಲಿಪ್ಪು ಹಾಕಿಕೊಳ್ಳುವ ಮುಂಚೆ ತನ್ನ ಫೋನನ್ನು ಸಿಂಕಿನ ಮೇಲೆ, ಅತ್ತೆಗೆ ಕಾಣುವ ಹಾಗೆ ನಿಲ್ಲಿಸಿದಳು. ಸೆಕೆಂಡುಗಳು ಸೊನ್ನೆಯಲ್ಲಿ ನಿಂತಿದ್ದವು.

“ಅತ್ತೆ, ಬಡಿ.”

ಅತ್ತೆ ಕೈ ಒರೆಸಿಕೊಂಡಳು. “ಡಾಕ್ಟರು ಬೇಡ ಅಂದಿದ್ದಾರೆ.”

“ನೀರಿಗೆ ಬೇಡ ಅಂದ್ರು. ಇದು ನೆಲ. ಎಷ್ಟು ಆಗುತ್ತೋ ಅಷ್ಟು, ಏಳು ಬೇಡ. ನಂದು ಎಷ್ಟು ಅಂತ ನಂಗೆ ಗೊತ್ತಾಗ್ಬೇಕು, ಅಷ್ಟೇ. ನೀನು ಬಡಿ.”

ನೀನು.

ಒಲೆಯ ಮೇಲೆ ಹಾಲಿತ್ತು. ಅತ್ತೆ ಅದನ್ನು ನೋಡಿದಳು, ಫೋನು ನೋಡಿದಳು, ಚಮಚ ಕೈಗೆತ್ತಿಕೊಂಡಳು. ಟಕ್. ಟಕ್. ಟಕ್. ಮೂರನೇ ಎಂಟಿನ ಹೊತ್ತಿಗೆ ಹಾಲಿನ ಅಂಚು ಬೆಳ್ಳಗೆ ಗುಳ್ಳೆಯೆದ್ದಿತು. ನಾಲ್ಕನೆಯದರಲ್ಲಿ ಏರತೊಡಗಿತು. “ಅಕ್ಕಾ, ಹಾಲು!” ಎಂದು ಹೊರಕೋಣೆಯಿಂದ ಕೂಗು ಬಂತು. ಅವಳು ಕತ್ತು ತಿರುಗಿಸಲಿಲ್ಲ. ಫೋನಿನ ಸೆಕೆಂಡುಗಳ ಜೊತೆ ಏಟಿಗೆ ಏಟು ಹೊಂದಿಸುತ್ತ ಬಡಿದಳು. ಹಾಲು ಉಕ್ಕಿ, ಪಾತ್ರೆಯ ಮೈಮೇಲೆ ಇಳಿದು, ಚುರ್ ಎಂದು ಬೆಂಕಿಯ ಮೇಲೆ ಬಿತ್ತು. ಸುಟ್ಟ ವಾಸನೆ ಮನೆ ತುಂಬಿತು. ತಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತ. ಏನು ಮಾಡಬೇಕೆಂದು ತೋಚದೆ ಇಬ್ಬರನ್ನೂ ನೋಡಿದ. ಆಮೇಲೆ ನೆಲದ ಮೇಲಿನ ಮಗಳನ್ನು ದಾಟಿ ಹೋಗಿ ಒಲೆ ಆರಿಸಿದ.

ಟಕ್. ಟಕ್.

ಹುಡುಗಿಯ ಎಡ ಹಿಮ್ಮಡಿ ಒಳಕ್ಕೆ ವಾಲಿತು. ಅವಳು ಕ್ಲಿಪ್ಪು ತೆಗೆದು, ಬಾಯಿ ತೆರೆದು, ದೊಡ್ಡದಾಗಿ ಉಸಿರೆಳೆದುಕೊಂಡಳು.

“ಎಷ್ಟು?”

ಅತ್ತೆ ಚಮಚ ಕೆಳಗಿಟ್ಟಳು.

“ನಲವತ್ತೊಂದು” ಅಂದಳು.